ಕೊಯ್ದದ್ದರ ಬೆಲೆ ಕೈಯಲ್ಲೇ ಉಳಿಯಬೇಕಾದರೆ
(ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ರೈತ ಕುಟುಂಬಗಳಿಗಾಗಿ)



‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕೈ ಕೆಸರು ಮಾಡಿಕೊಳ್ಳುವುದರಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. ಸಿಂಧನೂರಿನ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಸಸಿ ನಾಟುತ್ತೇವೆ. ಲಿಂಗಸುಗೂರಿನ ಬಿಸಿಲಿಗೆ ಬೆನ್ನು ಕೊಟ್ಟು ತೊಗರಿ ಕೊಯ್ಯುತ್ತೇವೆ. ಕೆರೆ, ಹೊಂಡಗಳಲ್ಲಿ ಎದೆಮಟ್ಟ ನೀರಿಗಿಳಿದು ಬಲೆ ಎಳೆಯುತ್ತೇವೆ. ಇಷ್ಟೆಲ್ಲಾ ಆದ ಮೇಲೆ ಮೊಸರು ಯಾರ ಬಾಯಿಗೆ ಬೀಳುತ್ತದೆ? ಹಸಿ ಭತ್ತ ಕಣದಿಂದಲೇ ಲಾರಿ ಏರುತ್ತದೆ. ತೊಗರಿ ಚೀಲ ಅಡತಿ ಅಂಗಡಿಗೆ ಹೋಗುತ್ತದೆ. ಅದೇ ತೊಗರಿ ಬೇಳೆಯಾಗಿ ನಮ್ಮೂರ ಕಿರಾಣಿ ಅಂಗಡಿಗೆ ತಿರುಗಿ ಬರುತ್ತದೆ. ಅದನ್ನು ನಾವೇ ರೊಕ್ಕ ಕೊಟ್ಟು ಕೊಳ್ಳುತ್ತೇವೆ. ಮುಂಜಾನೆ ಬೆಲೆ ಇದ್ದ ಮೀನು ಸಂಜೆಗೆ ಕೇಳುವವರಿಲ್ಲದೆ ಬುಟ್ಟಿಯಲ್ಲಿ ಉಳಿಯುತ್ತದೆ.

ಬೆಳೆದ ಹುಟ್ಟುವಳಿಯನ್ನು ಊರಲ್ಲೇ ಒಣಗಿಸಿ, ಬೀಸಿ, ಹಸನು ಮಾಡಿ ಮಾರುವ ಸಣ್ಣ ಉದ್ಯೋಗವನ್ನು ಗಟ್ಟಿಯಾಗಿ ನಿಲ್ಲಿಸುವುದು ಹೇಗೆ ಎಂಬುದೇ ಇವತ್ತಿನ ಮಾತು.

ಹಟ್ಟಿಯ ಕಲ್ಲು ಹೇಳುವ ಪಾಠ

ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿ ನಿಮಗೆಲ್ಲ ಗೊತ್ತು. ಅಲ್ಲಿ ನೆಲದಾಳದಿಂದ ಬರುವುದು ಚಿನ್ನವಲ್ಲ, ಕಲ್ಲು. ಒಂದು ಟನ್ನು ಕಲ್ಲನ್ನು ಪುಡಿ ಮಾಡಿ, ತೊಳೆದು, ಸೋಸಿದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಆ ಕಲ್ಲನ್ನು ಕಲ್ಲಾಗಿಯೇ ಮಾರಿದರೆ ಯಾರು ಎಷ್ಟು ಕೊಟ್ಟಾರು? ಬೆಲೆ ಹುಟ್ಟುವುದು ಅಗೆಯುವಲ್ಲಿ ಸ್ವಲ್ಪ, ಹಸನು ಮಾಡುವಲ್ಲಿ ಬಹಳ.

ಹೊಲದ ಮಾತೂ ಹೀಗೆಯೇ. ನಮ್ಮ ಮೂರು ತಾಲೂಕುಗಳಲ್ಲಿ ಹಸನು ಮಾಡಲಿಕ್ಕೆ ಬೇಕಾದ ಸರಕು ಬೇಕಾದಷ್ಟಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟ ನಂತರದ ವರ್ಷಗಳಲ್ಲಿ, ಜೋಳ ಹತ್ತಿಗಳನ್ನು ಬೆಳೆಯುತ್ತಿದ್ದ ಸಿಂಧನೂರಿನ ಎರೆ ಭೂಮಿ ಭತ್ತದ ಸೀಮೆಯಾಯಿತು. ನೀರು ಬಂದಲ್ಲಿ ಹೊಂಡ ತೋಡಿ ಮೀನು ಸಾಕುವವರೂ ಬಂದರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಸಿದ ಕುಟುಂಬಗಳಿಗಂತೂ ಸಿಹಿನೀರಿನ ಮೀನು ದಿನದ ಊಟ. ಲಿಂಗಸುಗೂರಿನ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಕೆಲವು ಊರುಗಳಿಗೆ ನೀರು ಕೊಟ್ಟಿದೆ. ಉಳಿದ ಕಡೆ ಮಳೆ ನಂಬಿ ತೊಗರಿ, ಸಜ್ಜೆ, ಜೋಳ ಬೆಳೆಯುತ್ತಾರೆ. ಮೊದಲು ಲಿಂಗಸುಗೂರಿಗೆ ಸೇರಿದ್ದು ಈಗ ತಾನೇ ತಾಲೂಕಾಗಿರುವ ಮಸ್ಕಿಯಲ್ಲಿ ಈ ಎರಡೂ ಬಗೆಯ ಊರುಗಳಿವೆ. ಜೊತೆಗೆ ಮಾರಲದಿನ್ನಿಯ ಮಸ್ಕಿ ನಾಲಾ ಜಲಾಶಯವಿದೆ.

ಆದರೆ ನೀರನ್ನು ನಂಬಿ ಕೂಡುವ ಹಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ, ಕಾಲುವೆ ಕೊನೆಯ ಊರುಗಳ ಜನ ನಿದ್ದೆಗೆಟ್ಟು ಕೂತದ್ದು ನಿಮಗೆ ನೆನಪಿದೆ. ಎರಡನೆಯ ಬೆಳೆಗೆ ನೀರು ಸಿಗದ ವರ್ಷಗಳೂ ನಮಗೆ ಹೊಸವಲ್ಲ. ಹೊಲಕ್ಕೆ ನೀರಿಲ್ಲದ ಆರು ತಿಂಗಳು ಮನೆಯ ನಾಲ್ಕು ಜೋಡಿ ಕೈಗಳಿಗೆ ಕೆಲಸವೇನು? ಗಂಟುಮೂಟೆ ಕಟ್ಟಿ ಬೆಂಗಳೂರಿನ ಬಸ್ಸು ಹತ್ತುವುದೊಂದೇ ದಾರಿಯಾಗಬಾರದು. ಮನೆಯಲ್ಲಿ ಒಣಗಿಸಿಟ್ಟ ಕಾಳು ಇದ್ದರೆ, ಊರಲ್ಲಿ ಒಂದು ಬೇಳೆ ಗಿರಣಿ ಇದ್ದರೆ, ಆ ಆರು ತಿಂಗಳೂ ಒಲೆ ಉರಿಯುತ್ತದೆ.

ಮೊದಲು ಭತ್ತ: ತೇವ ನೋಡಿ ಮಾರಿರಿ

ಈಗ ಕಟಾವು ಯಂತ್ರ ಬಂದಿದೆ. ಮುಂಜಾನೆ ಹೊಲಕ್ಕಿಳಿದರೆ ಸಂಜೆಗೆ ಕೆಲಸ ಮುಗಿಯುತ್ತದೆ. ಆದರೆ ಯಂತ್ರದಿಂದ ಬಿದ್ದ ಭತ್ತದಲ್ಲಿ ತೇವ ಬಹಳ. ನೂರಕ್ಕೆ 20 ಭಾಗಕ್ಕಿಂತ ಹೆಚ್ಚೂ ಇರುವುದುಂಟು. ಗಿರಣಿಗೆ ಹೋಗುವ ಭತ್ತದಲ್ಲಿ ತೇವ 14 ಭಾಗದಷ್ಟಿರಬೇಕು. ಹಸಿ ಭತ್ತವನ್ನು ರಾಶಿ ಹಾಕಿ ಎರಡು ದಿನ ಬಿಟ್ಟರೆ ಒಳಗೆ ಕಾವು ಹುಟ್ಟಿ ಅಕ್ಕಿ ಹಳದಿಯಾಗುತ್ತದೆ. ವ್ಯಾಪಾರಿಗೆ ಇದು ಗೊತ್ತು. ಅದಕ್ಕೇ ಅವನು ತೇವದ ಹೆಸರಿನಲ್ಲಿ ತೂಕವನ್ನೂ ಮುರಿಯುತ್ತಾನೆ, ಬೆಲೆಯನ್ನೂ ಮುರಿಯುತ್ತಾನೆ.

ತಾಡಪತ್ರಿ ಹಾಸಿ, ಎರಡು ಬೆರಳಿನಷ್ಟು ದಪ್ಪಕ್ಕೆ ಹರವಿ, ಅರ್ಧ ಗಂಟೆಗೊಮ್ಮೆ ಕೈಯಾಡಿಸುತ್ತ ಒಣಗಿಸಿರಿ. ಡಾಂಬರು ರಸ್ತೆಯ ಮೇಲೆ ಹಾಕಬೇಡಿರಿ. ಅಲ್ಲಿ ಕಾವು ಮಿತಿ ಮೀರಿ ಕಾಳು ಒಳಗೇ ಬಿರುಕು ಬಿಡುತ್ತದೆ. ಗಿರಣಿಯಲ್ಲಿ ಅಕ್ಕಿಗಿಂತ ನುಚ್ಚೇ ಹೆಚ್ಚಾಗುತ್ತದೆ. ರಸ್ತೆಯಲ್ಲಿ ಹೋಗಿ ಬರುವವರ ಜೀವಕ್ಕೂ ಅದು ಅಪಾಯ.

‘ಅಲ್ರೀ, ತೇವ ಅಳಿಯೋ ಮಷೀನು ನಮ್ಮತ್ರ ಎಲ್ಲೈತ್ರಿ?’ ಎಂದು ಕೇಳುತ್ತೀರಿ. ಮಷೀನು ಇಲ್ಲದೆಯೂ ಅಂದಾಜು ನೋಡಬಹುದು. ಚೆನ್ನಾಗಿ ಒಣಗಿದ ಗಾಜಿನ ಬಾಟಲಿ ತಗೊಳ್ರಿ. ಮೂರರಲ್ಲಿ ಒಂದು ಪಾಲು ಕಾಳು ತುಂಬಿ, ಎರಡು ಮೂರು ಚಮಚ ಒಣ ಪುಡಿ ಉಪ್ಪು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಅಲುಗಾಡಿಸ್ರಿ. ಕಾಲು ಗಂಟೆ ಬಿಟ್ಟು ನೋಡ್ರಿ. ಉಪ್ಪು ಗಾಜಿಗೆ ಅಂಟಿಕೊಂಡಿದ್ದರೆ ತೇವ 15 ಭಾಗಕ್ಕಿಂತ ಹೆಚ್ಚು, ಇನ್ನೂ ಒಣಗಬೇಕು. ಅಂಟದಿದ್ದರೆ ಕಾಳು ಒಣಗಿದೆ. ಜೋಳ, ತೊಗರಿಗೂ ಈ ಪರೀಕ್ಷೆ ನಡೆಯುತ್ತದೆ.

ಇನ್ನು ಗಿರಣಿಯ ಲೆಕ್ಕ. 100 ಕೆ.ಜಿ. ಒಣ ಭತ್ತದಲ್ಲಿ ಸುಮಾರು 20 ಕೆ.ಜಿ. ಹೊಟ್ಟು, 8ರಿಂದ 10 ಕೆ.ಜಿ. ತೌಡು, ಉಳಿದದ್ದು ಅಕ್ಕಿ ಮತ್ತು ನುಚ್ಚು. ಹಳೆಯ ಹಲ್ಲರ್ ಗಿರಣಿಯಲ್ಲಿ ಹೊಟ್ಟೂ ತೌಡೂ ಒಂದಾಗಿ ಬೀಳುತ್ತವೆ, ಅಕ್ಕಿಯೂ ಹೆಚ್ಚು ಮುರಿಯುತ್ತದೆ. ರಬ್ಬರ್ ಉರುಳೆಯ ಗಿರಣಿಯಲ್ಲಿ ಹೊಟ್ಟು ಬೇರೆ, ತೌಡು ಬೇರೆ, ನುಚ್ಚೂ ಕಡಿಮೆ. ಊರಲ್ಲಿ ಹೊಸದಾಗಿ ಗಿರಣಿ ಹಾಕುವವರು ಇದನ್ನು ನೋಡಿ ಹಾಕಬೇಕು. ತೌಡು ಬೇರೆಯಾಗಿ ಸಿಕ್ಕರೆ ಅದಕ್ಕೇ ಒಂದು ಬೆಲೆಯಿದೆ. ಆದರೆ ಅದರಲ್ಲಿ ಎಣ್ಣೆಯಂಶ ಇರುವುದರಿಂದ ಬೇಗ ಕಮಟುತ್ತದೆ. ಬಿದ್ದ ದಿನವೋ ಮರುದಿನವೋ ಮಾರಿಬಿಡಬೇಕು, ಇಲ್ಲವೇ ದನಕ್ಕೆ ಹಾಕಬೇಕು.

ಮೀನು: ಹೊತ್ತಿನ ಸರಕು

ಭತ್ತ ಎರಡು ದಿನ ಕಾಯುತ್ತದೆ, ಮೀನು ಎರಡು ತಾಸೂ ಕಾಯುವುದಿಲ್ಲ. ನಮ್ಮ ಸೀಮೆಯ ಬೇಸಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಕಾವಿನಲ್ಲಿ ಕಟ್ಲಾ, ರೋಹು, ಮೃಗಾಲ್, ಯಾವ ಮೀನೇ ಇರಲಿ, ಅರ್ಧ ದಿನ ಕಳೆಯುವಷ್ಟರಲ್ಲಿ ಕೆಡುತ್ತದೆ. ಸಂಜೆಯ ಹೊತ್ತಿಗೆ ಬೆಲೆ ಬೀಳುವುದಕ್ಕೆ ಇದೇ ಮುಖ್ಯ ಕಾರಣ. ಕೆಡುವ ಸರಕು ಕೈಯಲ್ಲಿರುವವನಿಗೆ ಚೌಕಾಸಿ ಮಾಡುವ ಶಕ್ತಿ ಇರುವುದಿಲ್ಲ. ಆ ಶಕ್ತಿಯನ್ನು ಕೊಡುವುದು ಐಸು.

ಮೀನು ಹಿಡಿಯುವ ಹಿಂದಿನ ದಿನವೇ ಆಹಾರ ಹಾಕುವುದನ್ನು ನಿಲ್ಲಿಸಿರಿ. ಹೊಟ್ಟೆ ಖಾಲಿಯಿದ್ದ ಮೀನು ತಡವಾಗಿ ಕೆಡುತ್ತದೆ. ಬೆಳಕು ಹರಿಯುವ ಮೊದಲೇ ಬಲೆ ಎಳೆಯಿರಿ. ಹಿಡಿದ ಮೀನನ್ನು ನೆಲಕ್ಕೆ ಸುರಿಯಬೇಡಿರಿ; ಶುದ್ಧ ನೀರಿನಲ್ಲಿ ತೊಳೆದು ಕೂಡಲೇ ಐಸಿನಲ್ಲಿ ಇಡಿರಿ. ಬೇಸಗೆಯಲ್ಲಿ 1 ಕೆ.ಜಿ. ಮೀನಿಗೆ 1 ಕೆ.ಜಿ. ಪುಡಿ ಐಸು ಬೇಕು. ಒಂದು ಪದರ ಐಸು, ಒಂದು ಪದರ ಮೀನು, ಮತ್ತೆ ಐಸು. ಪೆಟ್ಟಿಗೆಯ ತಳದಲ್ಲಿ ತೂತು ಇದ್ದು ಕರಗಿದ ನೀರು ಹೊರಗೆ ಹೋಗಬೇಕು. ಮೀನು ಆ ನೀರಲ್ಲೇ ಕೊಳೆಯಬಾರದು. ಹೀಗಿಟ್ಟ ಮೀನು ಇವತ್ತಿನ ಬೆಲೆ ಸರಿಬರದಿದ್ದರೆ ನಾಳೆಯ ಸಂತೆಯನ್ನು ಕಾಣುತ್ತದೆ. ಕಣ್ಣು ತಿಳಿಯಾಗಿ ಉಬ್ಬಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿಂದ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು. ಕೊಳ್ಳುವ ತಾಯಂದಿರು ಇಷ್ಟನ್ನು ನೋಡಿಯೇ ಕೊಳ್ಳುತ್ತಾರೆ.

ಮಾರಾಟವಾಗದ ಸಣ್ಣ ಮೀನನ್ನು ಉಪ್ಪು ಹಾಕಿ ಒಣಗಿಸಬಹುದು. ಹೊಟ್ಟೆ ಸೀಳಿ, ಕರುಳು ಕಿವಿರು ತೆಗೆದು ತೊಳೆಯಿರಿ. 4 ಕೆ.ಜಿ. ಮೀನಿಗೆ 1 ಕೆ.ಜಿ. ಉಪ್ಪಿನಂತೆ ಪದರ ಪದರವಾಗಿ ಹಾಕಿ ಒಂದು ದಿನ ಇಡಿರಿ. ಆಮೇಲೆ ಮೇಲಿನ ಉಪ್ಪು ತೊಳೆದು, ನೆಲದಿಂದ ಸೊಂಟದೆತ್ತರಕ್ಕೆ ಕಟ್ಟಿದ ಅಟ್ಟಣಿಗೆಯ ಮೇಲೆ ಬಲೆ ಹಾಸಿ ಒಣಗಿಸಿರಿ. ಮೇಲೆ ಸೊಳ್ಳೆಪರದೆ ಹೊದಿಸಿದರೆ ನೊಣ ಕೂಡುವುದಿಲ್ಲ. ನೆಲದ ಮೇಲೆ ಒಣಗಿಸಿದ ಮೀನಿಗೂ ಅಟ್ಟಣಿಗೆಯ ಮೀನಿಗೂ ಪೇಟೆಯಲ್ಲಿ ಬೆಲೆ ಒಂದೇ ಅಲ್ಲ, ಯಾಕೆಂದರೆ ಒಂದರಲ್ಲಿ ಮಣ್ಣು ಹಲ್ಲಿಗೆ ಸಿಗುತ್ತದೆ.

ಒಂದು ಎಚ್ಚರಿಕೆಯ ಮಾತು ಕೇಳ್ರಿ. ನೊಣ ಬರಬಾರದೆಂದು ಒಣಮೀನಿಗೆ ಹೊಲದ ಕೀಟನಾಶಕ ಪುಡಿ ಉದುರಿಸುವುದು, ಹಸಿ ಮೀನು ಕೆಡಬಾರದೆಂದು ಫಾರ್ಮಲಿನ್ ಹಾಕುವುದು, ಇವೆರಡೂ ವಿಷವನ್ನು ಜನರ ತಟ್ಟೆಗೆ ಬಡಿಸಿದಂತೆ. ಕಾಯ್ದೆಯಲ್ಲೂ ಅಪರಾಧ, ಮನುಷ್ಯತ್ವದಲ್ಲೂ ಅಪರಾಧ.

ತೊಗರಿ, ಸಜ್ಜೆ, ಮೆಣಸಿನಕಾಯಿ

ತೊಗರಿಗೆ ಕೆಮ್ಮಣ್ಣು ಕಟ್ಟಿ, ಒಣಗಿಸಿ, ಬೀಸುಕಲ್ಲಿನಲ್ಲಿ ಒಡೆದ ಬೇಳೆಯ ರುಚಿ ನಮ್ಮ ಅಜ್ಜಿಯಂದಿರ ಕೈಯಲ್ಲಿತ್ತು. ಆ ರುಚಿಗೆ ಈಗಲೂ ಗಿರಾಕಿ ಇದ್ದಾರೆ. ಆದರೆ ಬೀಸುಕಲ್ಲಿನಲ್ಲಿ ಕಾಳು ಪುಡಿಯಾಗುವುದು ಹೆಚ್ಚು, ದಿನಕ್ಕೆ ಆಗುವ ಬೇಳೆ ಕಡಿಮೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದವರು ಹಳ್ಳಿಗೆ ಹೊಂದುವ ಸಣ್ಣ ಬೇಳೆ ಗಿರಣಿಯನ್ನು ರೂಪಿಸಿದ್ದಾರೆ. ಇಂಥ ಗಿರಣಿಯಲ್ಲಿ ಚೆನ್ನಾಗಿ ಹದ ಮಾಡಿದ 100 ಕೆ.ಜಿ. ತೊಗರಿಗೆ 70ರಿಂದ 75 ಕೆ.ಜಿ. ಬೇಳೆ ಸಿಗುತ್ತದೆ. ಹೊಟ್ಟು, ನುಚ್ಚು ಎಮ್ಮೆಗೆ ಮೇವು.

ಸಜ್ಜೆಯ ವಿಷಯದಲ್ಲಿ ಹೊಸಬರು ಒಂದು ತಪ್ಪು ಮಾಡುತ್ತಾರೆ. ಜೋಳದ ಹಿಟ್ಟಿನಂತೆ ಸಜ್ಜೆ ಹಿಟ್ಟನ್ನೂ ಬೀಸಿ ಪೊಟ್ಟಣ ಕಟ್ಟಿ ಅಂಗಡಿಗೆ ಕೊಡುತ್ತಾರೆ. ಸಜ್ಜೆಯಲ್ಲಿ ಎಣ್ಣೆಯಂಶ ಹೆಚ್ಚು. ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಪೊಟ್ಟಣ ತಿರುಗಿ ಬರುತ್ತದೆ, ಹೆಸರೂ ಹೋಗುತ್ತದೆ. ಸಜ್ಜೆಯನ್ನು ಕಾಳಾಗಿಯೇ ಇಟ್ಟುಕೊಂಡು, ಕೇಳಿದಷ್ಟು ಬೀಸಿ, ಅದೇ ದಿನ ಎಳ್ಳು ಹಚ್ಚಿ ಕಟಿ ರೊಟ್ಟಿ ಮಾಡಿ ಮಾರುವುದು ಜಾಣತನ. ಚೆನ್ನಾಗಿ ಒಣಗಿದ ರೊಟ್ಟಿ ಹಿಟ್ಟಿಗಿಂತ ಹೆಚ್ಚು ದಿನ ತಾಳುತ್ತದೆ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕೊಟ್ಟರೆ ಪಟ್ಟಣದವರು ಹುಡುಕಿಕೊಂಡು ಬರುತ್ತಾರೆ. ಇದು ನಮ್ಮ ಅಕ್ಕತಂಗಿಯರಿಗೆ ಹುಟ್ಟಿನಿಂದ ಬಂದ ವಿದ್ಯೆ. ಯಾವ ಶಾಲೆಗೂ ಹೋಗಿ ಕಲಿಯಬೇಕಾಗಿಲ್ಲ.

ಶೇಂಗಾ ಮತ್ತು ಮೆಣಸಿನಕಾಯಿಗೆ ಬೂಷ್ಟೇ ವೈರಿ. ತೇವ ಉಳಿದು ಬೂಷ್ಟು ಹಿಡಿದ ಕಾಳಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಈರಲಿಗೆ ಕೆಟ್ಟದ್ದು. ಹುರಿದರೂ ಪೂರ್ತಿ ಹೋಗುವುದಿಲ್ಲ. ಬೂಷ್ಟು ಹಿಡಿದ ಕಾಳನ್ನು ಆರಿಸಿ ಹೊರಗೆ ಹಾಕಬೇಕು, ಚಟ್ನಿಗೆ ಸೇರಿಸಬಾರದು. ತೂಕ ಹೆಚ್ಚಲೆಂದು ಮೆಣಸಿನಕಾಯಿಗೆ ನೀರು ಚಿಮುಕಿಸುವವರಿದ್ದಾರೆ. ಎರಡು ಕೆ.ಜಿ. ತೂಕದಾಸೆಗೆ ಇಡೀ ಚೀಲಕ್ಕೆ ಬೂಷ್ಟು ಹಿಡಿಸಿಕೊಳ್ಳುವ ಬುದ್ಧಿ ಅದು.

ಲಾಭ ಎಲ್ಲಿ ಸೋರುತ್ತದೆ?

ಈಗ ಬಹಳ ಮುಖ್ಯವಾದ ಮಾತಿಗೆ ಬರೋಣ. ಸಣ್ಣ ಉದ್ಯೋಗ ನಿಂತುಹೋದಾಗ ಜನ ‘ವ್ಯಾಪಾರ ಆಗಲಿಲ್ರೀ’ ಎನ್ನುತ್ತಾರೆ. ಎಷ್ಟೋ ಸಲ ವ್ಯಾಪಾರವೇನೋ ಆಗಿರುತ್ತದೆ, ಲೆಕ್ಕ ಇಟ್ಟಿರುವುದಿಲ್ಲ. ಲೆಕ್ಕ ಹಾಕುವ ರೀತಿ ತಿಳಿಯಲೆಂದು ಒಂದು ಉದಾಹರಣೆ ಹಿಡಿಯೋಣ. ಇದರ ಅಂಕಿಗಳು ಇವತ್ತಿನ ಪೇಟೆ ಧಾರಣೆಯಲ್ಲ, ಲೆಕ್ಕದ ಸಲುವಾಗಿ ಹಿಡಿದವು.

100 ಕೆ.ಜಿ. ತೊಗರಿ, ಕೆ.ಜಿ.ಗೆ 70 ರೂಪಾಯಿಯಂತೆ, 7,000 ರೂಪಾಯಿ. ಗಿರಣಿ ಬಾಡಿಗೆ, ಎಣ್ಣೆ, ಪೊಟ್ಟಣ, ಸಾಗಾಟ ಸೇರಿ 700 ರೂಪಾಯಿ. ಮನೆಯ ಇಬ್ಬರು ಒಣಗಿಸಿ, ಆರಿಸಿ, ಪೊಟ್ಟಣ ಕಟ್ಟಿದ ಕೂಲಿ 600 ರೂಪಾಯಿ. ಒಟ್ಟು 8,300. ಹೊಟ್ಟು ನುಚ್ಚು ಮಾರಿ ಬಂದದ್ದು 300. ಅಲ್ಲಿಗೆ ಬೇಳೆಯ ಮೇಲೆ ಬಿದ್ದ ಖರ್ಚು 8,000 ರೂಪಾಯಿ. ಸಿಕ್ಕ ಬೇಳೆ 72 ಕೆ.ಜಿ. ಅಂದಮೇಲೆ 1 ಕೆ.ಜಿ. ಬೇಳೆಗೆ ತಗಲಿದ್ದು 111 ರೂಪಾಯಿಗೂ ಸ್ವಲ್ಪ ಮೇಲೆ.

ಇದನ್ನು 105 ರೂಪಾಯಿಯಂತೆ ಮಾರಿದಿರಿ ಎನ್ನೋಣ. ಕೈಗೆ ಬಂದದ್ದು 7,560 ರೂಪಾಯಿ. ಮನೆಯವರ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಖರ್ಚು 7,400. ಆಗ 160 ರೂಪಾಯಿ ಲಾಭ ಕಂಡಂತಾಗುತ್ತದೆ. ಕೂಲಿ ಹಿಡಿದರೆ 440 ರೂಪಾಯಿ ನಷ್ಟ! ‘ಮನಿ ಮಂದಿ ದುಡಿದ್ರೆ ಕೂಲಿ ಯಾಕ್ರಿ?’ ಎಂದು ಯಜಮಾನರು ಕೇಳಬಹುದು. ಯಜಮಾನರೇ, ಅದೇ ಹೆಣ್ಣುಮಗಳು ಆ ದಿನ ಬೇರೆಯವರ ಹೊಲಕ್ಕೆ ಹೋಗಿದ್ದರೆ ಕೂಲಿ ತರುತ್ತಿದ್ದಳಲ್ಲವೇ? ಅವಳ ದುಡಿಮೆಯನ್ನು ಸೊನ್ನೆ ಎಂದು ಬರೆದ ಉದ್ಯೋಗ ಲಾಭದ ವೇಷದಲ್ಲಿ ಅವಳ ಬೆವರನ್ನೇ ಮಾರುತ್ತಿರುತ್ತದೆ. ಒಂದು ವರ್ಷದಲ್ಲಿ ಅವಳಿಗೆ ಬೇಸರ ಬರುತ್ತದೆ, ಉದ್ಯೋಗವೂ ನಿಲ್ಲುತ್ತದೆ.

ಹಾಗಾದರೆ ಏನು ಮಾಡಬೇಕು? ಒಂದೋ ಬೆಲೆ ಏರಿಸಬೇಕು. ಅದಕ್ಕೆ ಬೇಳೆ ಹಸನಾಗಿರಬೇಕು. ಇಲ್ಲವೇ ಖರ್ಚು ಇಳಿಸಬೇಕು. ಅದಕ್ಕೆ ನಾಲ್ಕು ಮನೆ ಕೂಡಬೇಕು. ಎರಡೂ ಆಗದಿದ್ದರೆ ಆ ವರ್ಷ ಕಾಳನ್ನೇ ಮಾರುವುದು ಮೇಲು. ಇದನ್ನು ಮೊದಲೇ ಹೇಳುವುದು ಲೆಕ್ಕದ ಪುಸ್ತಕ. 20 ರೂಪಾಯಿಯ ಒಂದು ನೋಟುಬುಕ್ಕು, ದಿನಾ ಸಂಜೆ ಕಾಲು ಗಂಟೆ. ಬರೆಯಲು ಹಿರಿಯರಿಗೆ ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳ ಕೈಲಿ ಬರೆಸಿರಿ.

ಕೂಡಿ ಮಾಡಬೇಕಾದದ್ದು ಯಾವುದು?

ಎಲ್ಲವನ್ನೂ ಕೂಡಿ ಮಾಡಬೇಕಾಗಿಲ್ಲ. ಒಣಗಿಸುವುದು, ಆರಿಸುವುದು, ರೊಟ್ಟಿ ಬಡಿಯುವುದು ಮನೆಮನೆಯಲ್ಲೇ ಆಗಲಿ. ಗಿರಣಿ, ತೇವ ಅಳೆಯುವ ಯಂತ್ರ, ಐಸ್ ಪೆಟ್ಟಿಗೆ, ಪೇಟೆಗೆ ಹೋಗುವ ಗಾಡಿ, ಪೊಟ್ಟಣದ ಮೇಲಿನ ಒಂದು ಹೆಸರು, ಇವು ಒಬ್ಬರಿಗೆ ಭಾರ, ಹತ್ತು ಜನಕ್ಕೆ ಹಗುರ. ಸ್ತ್ರೀಶಕ್ತಿ ಗುಂಪು, ಮೀನುಗಾರರ ಸಹಕಾರ ಸಂಘ, ರೈತ ಉತ್ಪಾದಕರ ಕಂಪನಿ, ಯಾವುದಾದರೂ ಆಗಬಹುದು.

ನಾನು ಕಂಡ ಒಂದು ಊರಿನಲ್ಲಿ ಸಬ್ಸಿಡಿಯಲ್ಲಿ ತಂದ ಗಿರಣಿ ಎರಡು ವರ್ಷ ಬಾಗಿಲು ಹಾಕಿಕೊಂಡು ತುಕ್ಕು ಹಿಡಿಯಿತು. ಯಂತ್ರ ಕೆಟ್ಟಿರಲಿಲ್ಲ. ಬೀಗದ ಕೈ ಯಾರ ಬಳಿ ಇರಬೇಕು, ಕರೆಂಟು ಬಿಲ್ಲು ಯಾರು ಕಟ್ಟಬೇಕು, ಪಟ್ಟಿ ಹರಿದರೆ ಯಾರ ಖರ್ಚು, ಇಷ್ಟನ್ನು ಮೊದಲ ದಿನ ಯಾರೂ ಬರೆದಿಟ್ಟಿರಲಿಲ್ಲ. ಆದ್ದರಿಂದ ಯಂತ್ರ ತರುವ ಮೊದಲು ಕರಾರು ಬರೆಯಿರಿ. ಬೀಗದ ಕೈ ಒಬ್ಬರ ಬಳಿ, ಲೆಕ್ಕದ ಪುಸ್ತಕ ಇನ್ನೊಬ್ಬರ ಬಳಿ ಇರಲಿ. ತಿಂಗಳಿಗೊಮ್ಮೆ ಎಲ್ಲರೆದುರು ಲೆಕ್ಕ ಓದಿರಿ. ಬೀಸಿದ ಪ್ರತಿ ಚೀಲಕ್ಕೂ ಒಂದಿಷ್ಟು ರಿಪೇರಿ ನಿಧಿಗೆ ಎತ್ತಿಡಿರಿ.

ಕಾಯ್ದೆ ಮತ್ತು ನೆರವು

ತಿನ್ನುವ ಪದಾರ್ಥ ಮಾಡಿ ಮಾರುವವರು, ಎಷ್ಟೇ ಸಣ್ಣವರಿರಲಿ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಹೆಸರು ನೋಂದಾಯಿಸಿಕೊಳ್ಳಬೇಕು. ಆಗ 14 ಅಂಕಿಯ ಒಂದು ನಂಬರು ಸಿಗುತ್ತದೆ. ಅದನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಬೇಕು. ತಯಾರಿಸಿದ ದಿನ, ತೂಕ, ಎಷ್ಟು ದಿನದೊಳಗೆ ತಿನ್ನಬೇಕು ಎಂಬುದೂ ಇರಬೇಕು. ಇದರಿಂದ ನಿಮಗೇ ಅನುಕೂಲ: ಪಟ್ಟಣದ ದೊಡ್ಡ ಅಂಗಡಿಯವರು ನಂಬರಿಲ್ಲದ ಪೊಟ್ಟಣವನ್ನು ಮುಟ್ಟುವುದಿಲ್ಲ.

‘ರೊಕ್ಕ ಎಲ್ಲಿಂದ ತರೋಣ್ರಿ?’ ಎಂಬುದು ಕೊನೆಯ ಪ್ರಶ್ನೆ. ಸಣ್ಣ ಆಹಾರ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಒಂದು ಯೋಜನೆ ತಂದಿತು. ಬ್ಯಾಂಕ್ ಸಾಲದೊಂದಿಗೆ ಉದ್ಯಮದ ಅರ್ಹ ವೆಚ್ಚದ ನೂರಕ್ಕೆ 35 ಭಾಗ, ಹೆಚ್ಚೆಂದರೆ 10 ಲಕ್ಷ ರೂಪಾಯಿ ಸಹಾಯಧನ ಎಂದು ಅದರಲ್ಲಿ ಗೊತ್ತುಪಡಿಸಿದ್ದರು. ಇಂಥ ಯೋಜನೆಗಳಿಗೆ ಅವಧಿ ಇರುತ್ತದೆ, ನಿಯಮ ಬದಲಾಗುತ್ತದೆ. ಈ ವರ್ಷ ಯಾವುದು ಜಾರಿಯಲ್ಲಿದೆ ಎಂಬುದನ್ನು ಕೃಷಿ ಇಲಾಖೆಯಲ್ಲಿ, ಮೀನಿನ ವಿಷಯವಾದರೆ ಮೀನುಗಾರಿಕೆ ಇಲಾಖೆಯಲ್ಲಿ ನೀವೇ ಹೋಗಿ ಕೇಳಿಕೊಳ್ಳಿರಿ. ಮಧ್ಯಸ್ಥರಿಗೆ ರೊಕ್ಕ ಕೊಡಬೇಡಿರಿ. ತರಬೇತಿ ಬೇಕಾದರೆ 2008ರಲ್ಲಿ ಸ್ಥಾಪನೆಯಾದ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಅಲ್ಲಿ ಧಾನ್ಯ ಸಂಸ್ಕರಣೆ ಬಲ್ಲ ತಜ್ಞರಿದ್ದಾರೆ. ಒಂದು ಮಾತು ಮಾತ್ರ ಮರೆಯಬೇಡಿರಿ: ಸಬ್ಸಿಡಿ ಸಿಗುತ್ತದೆಂದು ಉದ್ಯೋಗ ಹೂಡಬೇಡಿರಿ, ಹೂಡುವ ಉದ್ಯೋಗಕ್ಕೆ ಸಬ್ಸಿಡಿ ಸಿಕ್ಕರೆ ತಗೊಳ್ರಿ.

ರೈತ ಬಾಂಧವರೇ, ಇವತ್ತು ಹೇಳಿದ್ದನ್ನು ಮೂರು ಮಾತಿನಲ್ಲಿ ನೆನಪಿಡಬಹುದು. ಕಾಳಾದರೆ ಒಣಗಿಸಿ, ಮೀನಾದರೆ ತಣ್ಣಗಿಡಿ. ಮನೆಯವರ ಕೂಲಿಯನ್ನೂ ಸೇರಿಸಿ ಲೆಕ್ಕ ಬರೆಯಿರಿ. ಒಬ್ಬರಿಗೆ ಭಾರವಾದದ್ದನ್ನು ಹತ್ತು ಮಂದಿ ಕೂಡಿ ಎತ್ತಿರಿ. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರೆ. ಕಾಲುವೆಯ ನೀರು ಒಂದು ವರ್ಷ ಬಂದೀತು, ಒಂದು ವರ್ಷ ಬಾರದಿದ್ದೀತು. ಈ ಹಳ್ಳ ಮಾತ್ರ ನಮ್ಮ ಕೈಯಲ್ಲಿದೆ.

ಈ ಸುಗ್ಗಿಗೆ ಒಂದೇ ಒಂದು ಚೀಲ ತೊಗರಿಯಿಂದಲೇ ಮೊದಲು ಮಾಡಿ ನೋಡ್ರಿ.